ಭಾವ ಕಿತ್ತ ಕರಬೂಜ

ಈ ಭಾನುವಾರದಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ಮನೇಲಿ ಇಟ್ರೆ ಹಣ್ಣಾಗುತ್ತೆ ಬಿಡೋ."

ಹೇಳಿದ್ದು ನಮ್ಮ ಭಾವ. ಆಗ ಅವರ ಕೈಯಲ್ಲಿ ನನ್ನ ಕರಬೂಜ ಇತ್ತು, ತೊಟ್ಟಿನ ಜೊತೆ ಒಂದು ತುಂಡು ಬಳ್ಳಿಯೂ ನೇತಾಡುತ್ತಿತ್ತು. ಕೀಳುವ ಮುಂಚೆ ಕೇಳಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಕಷ್ಟ ಅಂದರೆ ಮೊದಲು ಓಡಿ ಬರುವವರೂ ಅವರೇ, ಒಳ್ಳೆಯ ಮನುಷ್ಯ, ಆದರೆ ಕೈ ಮಾತ್ರ ಸುಮ್ನೆ ಇರುವುದಿಲ್ಲ.

ಬೀಜ ಹಾಕಿ ಬೆಳೆಸಿದವರಿಗೆ ಗೊತ್ತು ಈ ಸಂಕಟ. ಕರಬೂಜಕ್ಕೆ ಮಣ್ಣು ಬೆಚ್ಚಗಿರಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಮೊಳಕೆ ತುಂಬಾ ನಿಧಾನ, ಎಷ್ಟೋ ಬೀಜ ಅಲ್ಲೇ ಕೊಳೆಯುತ್ತವೆ. ಬೇರು ಅಲುಗಿದರೆ ಸಸಿ ಸೊರಗುತ್ತದೆ ಅಂತ ನೇರವಾಗಿ ಜಾಗದಲ್ಲೇ ಊರಿದ್ದೆ. ಬಳ್ಳಿ ಹರಡಿತು, ಆದರೆ ಮೊದಮೊದಲು ಬರೀ ಗಂಡು ಹೂ. ಹೆಣ್ಣು ಹೂ ಬರುವುದು ಪಕ್ಕದ ಕವಲುಗಳಲ್ಲಿ, ಅದೂ ತಡವಾಗಿ. ಹೂವಿನ ಕೆಳಗೆ ನವಿರು ರೋಮದ ಪುಟ್ಟ ಉಬ್ಬು ಇರುತ್ತದಲ್ಲ, ಅದೇ ಗುರುತು. ಜೇನು ಅಷ್ಟಾಗಿ ಬರುತ್ತಿರಲಿಲ್ಲ, ಹಾಗಾಗಿ ಬೆಳಿಗ್ಗೆ ಗಂಡು ಹೂವಿನ ಎಸಳು ಬಿಡಿಸಿ ನಾನೇ ಹೆಣ್ಣು ಹೂವಿಗೆ ಸವರುತ್ತಿದ್ದೆ. ಎಷ್ಟೋ ಹೀಚು ಹಳದಿಯಾಗಿ ಉದುರಿದವು. ಇದೊಂದು ನಿಂತಿತ್ತು.

ಸಿಪ್ಪೆಯ ಮೇಲೆ ಬಲೆ ಮೂಡಿತ್ತು, ನಿಜ. ಭಾವ ನೋಡಿದ್ದೂ ಅದನ್ನೇ. ಆದರೆ ಬಲೆಯ ಸಂದಿಯಲ್ಲಿ ಇನ್ನೂ ಹಸಿರಿತ್ತು, ಅದು ಹಳದಿಗೆ ತಿರುಗಬೇಕು. ತೊಟ್ಟು ಸೇರುವ ಜಾಗದಲ್ಲಿ ಸುತ್ತಲೂ ತೆಳ್ಳಗೆ ಬಿರುಕು ಬಿಡಬೇಕು. ಆಗ ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದರೆ ಸಾಕು, ಹಣ್ಣು ತಾನಾಗಿ ಕಳಚಿಕೊಳ್ಳುತ್ತದೆ. ಇವರು ತಿರುಚಿ ಎಳೆದಿದ್ದರು.

"ಭಾವ, ಇದು ಕಿತ್ತ ಮೇಲೆ ಸಿಹಿಯಾಗಲ್ಲ" ಅಂದೆ.

"ಮನೇಲಿ ಇಟ್ರೆ ಹಣ್ಣಾಗುತ್ತೆ ಬಿಡೋ. ಬಾಳೆ ಆಗಲ್ವಾ?"

ಬಾಳೆ ಆಗುತ್ತದೆ. ಬಾಳೆಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಕಿತ್ತ ಮೇಲೂ ಅದು ಸಕ್ಕರೆಯಾಗುತ್ತದೆ. ಕರಬೂಜದಲ್ಲಿ ಆ ದಾಸ್ತಾನೇ ಇಲ್ಲ. ಅದರ ಸಕ್ಕರೆ ಎಲೆಯಿಂದಲೇ ಹರಿದು ಬರಬೇಕು, ಜಾಸ್ತಿ ಬರುವುದೂ ಕೊನೆಕೊನೆಗೆ. ಆ ಹೊತ್ತಲ್ಲಿ ಎಲೆಗೆ ಬೂದಿ ರೋಗ ಹತ್ತಿದರೂ ಹಣ್ಣು ಸಪ್ಪೆಯಾಗುವುದು ಇದಕ್ಕೇ. ಕಿತ್ತಿಟ್ಟರೆ ಮೆತ್ತಗಾಗುತ್ತದೆ, ಘಮ ಬರುತ್ತದೆ, ಸಿಹಿ ಮಾತ್ರ ಇದ್ದಷ್ಟೇ.

ಇಷ್ಟನ್ನೂ ಹೇಳಲು ಬಾಯಿ ತೆರೆದೆ, ಅಕ್ಕ ಕಣ್ಣಲ್ಲೇ ತಡೆದಳು. ಭಾವನ ಈ 'ಬಿಡೋ' ಮಾತನ್ನು ಅವಳು ಇನ್ನೆಷ್ಟು ಸಲ ಕೇಳಿರಬೇಕೋ! ಮಗುವನ್ನು ಒಂದು ತರಗತಿ ಮುಂದಕ್ಕೆ ತಳ್ಳುವಾಗಲೂ ಇದೇ, ಆಮೇಲೆ ಕಲಿತುಕೊಳ್ಳುತ್ತೆ ಬಿಡಿ. ಹೊಸಬನಿಗೆ ಏನೂ ಹೇಳಿಕೊಡದೆ ಕೆಲಸಕ್ಕೆ ಕೂರಿಸುವಾಗಲೂ ಇದೇ, ಮಾಡ್ತಾ ಮಾಡ್ತಾ ಬರುತ್ತೆ ಬಿಡಿ. ಅವಸರ ಒಬ್ಬರದು, ಆಮೇಲಿನ ಪಾಡು ಇನ್ನೊಬ್ಬರದು. ಹಾಗೆ ಹೇಳುವವರಿಗೆ ಒಂದು ಧೈರ್ಯ ಇರುತ್ತದೆ ನೋಡಿ, ಆ 'ಆಮೇಲೆ' ಬರುವ ಹೊತ್ತಿಗೆ ತಾವು ಅಲ್ಲಿರುವುದಿಲ್ಲ ಅಂತ.

ನಿನ್ನೆ ಕೊಯ್ದೆ. ಬಣ್ಣ ಚೆನ್ನಾಗಿತ್ತು, ರುಚಿ ಸಪ್ಪೆ. ಫೋನಲ್ಲಿ ಭಾವನಿಗೆ ಹೇಳಿದರೆ, "ಪಕ್ಕದಲ್ಲೇ ಸೌತೆ ಹಾಕಿದ್ದೀಯಲ್ಲ, ಅದಕ್ಕೇ" ಅಂದರು. ಸೌತೆಗೂ ಕರಬೂಜಕ್ಕೂ ಮಿಶ್ರಣವೇ ಆಗುವುದಿಲ್ಲ, ಇನ್ನೊಂದು ಕರಬೂಜದ ಪರಾಗ ಬಿದ್ದರೂ ವ್ಯತ್ಯಾಸ ಆಗುವುದು ಒಳಗಿನ ಬೀಜಕ್ಕೆ, ತಿರುಳಿಗಲ್ಲ ಅಂತ ಈ ಸಲ ಬಿಡದೆ ಪೂರ್ತಿ ವಿವರಿಸಿದೆ.

ಭಾವ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ನೀರು ಜಾಸ್ತಿ ಹಾಕಿರ್ತೀಯ ಕಣೋ."