ಬೇರುಗಂಟು ಅಂದ್ರೆ ಯಾವ ಗಂಟು?

ಒಮ್ಮೆ ಕುಂಡದಲ್ಲಿ ಅಲಸಂದೆ ಬೆಳೆದಿದ್ದೆ. ಗಿಡ ಯಾಕೋ ಸೊರಗಿತ್ತು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಬೇರುಗಂಟು ಇದ್ದರೆ ಮಣ್ಣಿಗೆ ಒಳ್ಳೇದು ಅಂತ ಓದಿದ್ದೆ, ಹಾಗಾಗಿ ಖುಷಿಯಿಂದ ಅದೇ ಮಣ್ಣಿಗೆ ಟೊಮೆಟೊ ಸಸಿ ನೆಟ್ಟೆ. ಬಿಸಿಲು ಏರುತ್ತಿದ್ದ ಹಾಗೆ ಆ ಸಸಿ ಬಾಡುತ್ತಿತ್ತು, ಎಷ್ಟು ನೀರು ಹಾಕಿದರೂ ಅಷ್ಟೇ. ಕೊನೆಗೆ ಅದನ್ನೂ ಕಿತ್ತೆ. ಅದರ ಬೇರಲ್ಲೂ ಗಂಟು!

ಮಣ್ಣಿಗೆ ಒಳ್ಳೇದು ಮಾಡುವ ಆ ಸಾರಜನಕದ ಗಂಟು ಟೊಮೆಟೊ ಬೇರಲ್ಲಿ ಬರುವುದೇ ಇಲ್ಲ. ಆಗ ಗೊತ್ತಾಯ್ತು, ಬೇರುಗಂಟು ಅನ್ನೋ ಒಂದೇ ಪದದೊಳಗೆ ಒಬ್ಬ ಗೆಳೆಯನೂ ಇದ್ದಾನೆ, ಒಬ್ಬ ಶತ್ರುವೂ ಇದ್ದಾನೆ ಅಂತ.

ಗೆಳೆಯ ಅಂದರೆ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ, ಆದರೆ ಗಿಡಕ್ಕೆ ಅದನ್ನು ನೇರವಾಗಿ ಬಳಸೋಕೆ ಬರಲ್ಲ. ಅಲಸಂದೆ, ಶೇಂಗಾ, ಬಟಾಣಿಯಂಥ ದ್ವಿದಳ ಗಿಡಗಳು ಬೇರಿನಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಮನೆ ಕಟ್ಟಿಕೊಟ್ಟು ಸಕ್ಕರೆ ಉಣಿಸುತ್ತವೆ, ಅವು ಬದಲಿಗೆ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿಕೊಡುತ್ತವೆ. ಪುಸ್ತಕದಲ್ಲಿ ಇದಕ್ಕೆ ಸಾರಜನಕ ಸ್ಥಿರೀಕರಣ ಅಂತ ದೊಡ್ಡ ಹೆಸರು. ಗಾಳಿಯಲ್ಲಿ ಅಲೆಯೋದನ್ನ ಹಿಡಿದು ಕಟ್ಟಿಹಾಕೋದು, ಅಷ್ಟೇ.

ಶತ್ರು ಅಂದರೆ ಮಣ್ಣಲ್ಲಿರೋ ಜಂತುಹುಳು (ನೆಮಟೋಡ್). ಕಣ್ಣಿಗೆ ಕಾಣದಷ್ಟು ಸಣ್ಣದು. ಬೇರಿನ ಒಳಗೆ ಹೊಕ್ಕು ಅಲ್ಲಿಯ ಕೋಶಗಳನ್ನೇ ಊದಿಸಿ, ಅಲ್ಲೇ ಕೂತು ರಸ ಹೀರುತ್ತದೆ. ನೀರು ಮೇಲೆ ಹೋಗುವ ದಾರಿ ಕೆಡುತ್ತದೆ, ಅದಕ್ಕೇ ಮಣ್ಣು ಒದ್ದೆ ಇದ್ದರೂ ಗಿಡ ಬಾಡೋದು.

ಎರಡನ್ನೂ ಬೇರೆ ಮಾಡೋದು ಕಷ್ಟ ಏನಲ್ಲ. ಬೇರನ್ನು ನೀರಲ್ಲಿ ತೊಳೆದು ಗಂಟನ್ನು ಬೆರಳಿಂದ ಉಜ್ಜಿ ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿಯ ಹಾಗೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಕಳಚಿ ಬರುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿರುತ್ತದೆ, ಕಿತ್ತರೆ ಬೇರೇ ತುಂಡಾಗುತ್ತದೆ. ಕಳಚಿ ಬಂದ ಗಂಟನ್ನು ಉಗುರಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡ್ತಾ ಇದೆ. ಆ ಬಣ್ಣ ಕೊಡೋದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟ. ಸಾರಜನಕ ಕಟ್ಟುವ ಕಿಣ್ವಕ್ಕೆ ಆಮ್ಲಜನಕ ಜಾಸ್ತಿ ತಾಗಿದರೆ ಕೆಡುತ್ತದೆ, ಅದಕ್ಕೆ ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದು ಬೇಕಾದಷ್ಟೇ ಬಿಡುತ್ತದೆ. ಮೊದಲ ಸಲ ಆ ಕೆಂಪು ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಹಸಿರು ಇಲ್ಲವೇ ಕಂದು ಇದ್ದರೆ ಗಂಟಿಗೆ ವಯಸ್ಸಾಗಿದೆ ಅಂತ.

ಹೀಗೆ ಒಂದೇ ಹೆಸರಲ್ಲಿ ಎರಡು ವಿಷಯ ಕಲಸಿಹೋಗೋದು ಬೇರೆ ಕಡೆಯೂ ಇದೆ. ಸಾವಯವ ವಸ್ತು ಅಂದ ತಕ್ಷಣ ಎಲ್ಲವೂ ಗೊಬ್ಬರ ಅಂದುಕೊಳ್ಳುತ್ತೇವೆ, ಅಲ್ವಾ? ಮರದ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಹಸಿ ಪುಡಿಯನ್ನು ಮಣ್ಣಿಗೆ ಬೆರೆಸಿದರೆ, ಅದನ್ನು ಕೊಳೆಸಲು ಬಂದ ಸೂಕ್ಷ್ಮಜೀವಿಗಳು ತಮಗೆ ಕಡಿಮೆ ಬಿದ್ದ ಸಾರಜನಕವನ್ನು ಮಣ್ಣಿಂದಲೇ ಎಳೆದುಕೊಳ್ಳುತ್ತವೆ. ಗಿಡದ ಕೆಳಗಿನ ಎಲೆ ಮೊದಲು ಹಳದಿ ಆಗುತ್ತದೆ. ಇಂಗಾಲ-ಸಾರಜನಕ ಅನುಪಾತ ಅಂತ ಹೇಳೋದು ಈ ಎರಡರ ಪಾಲಿನ ಲೆಕ್ಕವನ್ನೇ. ಅದೇ ಪುಡಿ ಚೆನ್ನಾಗಿ ಕಳಿತ ಮೇಲೆ ಹಾಕಿದರೆ ತೊಂದರೆ ಇಲ್ಲ.

ಸವಳು ಮಣ್ಣು, ಕ್ಷಾರ ಮಣ್ಣು ಇವೂ ಒಂದೇ ಅಲ್ಲ. ಸವಳಲ್ಲಿ ಕರಗುವ ಉಪ್ಪು ಜಾಸ್ತಿ. ನೀರು ಬಸಿದು ಹೋಗೋಕೆ ದಾರಿ ಮಾಡಿ ಸಿಹಿನೀರು ಹಾಯಿಸಿದರೆ ಉಪ್ಪು ತೊಳೆದು ಹೋಗುತ್ತದೆ. ಕ್ಷಾರ ಮಣ್ಣಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ, ರಸಸಾರ (ಹುಳಿ-ಕ್ಷಾರದ ಅಳತೆ, pH) ಸಾಮಾನ್ಯವಾಗಿ 8.5 ದಾಟಿರುತ್ತದೆ. ಅಲ್ಲಿ ಬರೀ ನೀರು ಹಾಯಿಸಿದರೆ ಸಾಲದು, ಮೊದಲು ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಕದಲಿಸುತ್ತದೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಹೈಬ್ರಿಡ್ ಮತ್ತು ಕುಲಾಂತರಿ ಕೂಡ ಹಾಗೇ. ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಸೇರಿಸಿದರೆ ಹೈಬ್ರಿಡ್. ಲ್ಯಾಬ್‌ನಲ್ಲಿ ಜೀನ್ ತಂದು ಸೇರಿಸಿದರೆ ಕುಲಾಂತರಿ. ಹೈಬ್ರಿಡ್ ಬೀಜದ ಬೆಳೆಯಿಂದ ಬೀಜ ಉಳಿಸಿ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ ಬರೋದು ಬೀಜದ ಮೋಸ ಅಲ್ಲ, ಕೂಡಿದ್ದ ಗುಣಗಳು ಮುಂದಿನ ಪೀಳಿಗೆಯಲ್ಲಿ ಮತ್ತೆ ಬೇರೆಯಾಗುತ್ತವೆ. ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಮೆಂಡಲ್ 1866ರಲ್ಲೇ ಬಟಾಣಿ ಗಿಡಗಳ ಲೆಕ್ಕ ಇಟ್ಟು ಇದನ್ನ ಬರೆದಿದ್ದ.

ಕುಂಡದ ಕಥೆಗೆ ಬರ್ತೀನಿ. ಆ ಮಣ್ಣನ್ನು ತೆಳ್ಳಗೆ ಹರಡಿ, ಸ್ವಲ್ಪ ಒದ್ದೆ ಮಾಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಸುಡುಬಿಸಿಲಲ್ಲಿ ಬಿಟ್ಟೆ. ಆಮೇಲೆ ಒಂದು ಬೆಳೆ ಚೆಂಡುಹೂ, ಅದರ ಬೇರು ಜಂತುಹುಳುವಿಗೆ ಆಗಲ್ಲ. ಮತ್ತೆ ಅಲಸಂದೆ ಹಾಕಿ ಕಿತ್ತು ನೋಡಿದಾಗ ಬೇರಲ್ಲಿ ಗಂಟು ಕಡಿಮೆ ಇತ್ತು. ಇದ್ದಷ್ಟೂ ಬೆರಳು ತಾಗಿದರೆ ಕಳಚಿ ಬಂತು, ಒಳಗೆ ಕೆಂಪಗಿತ್ತು.