ಎರಿಕ್ ಬ್ರೋಸ್ಟ್: ಸಂಪಾದಕರು ಬೇರೆ ಬೇರೆ, ಪ್ರೆಸ್ ಒಂದೇ

1948ರ ಏಪ್ರಿಲ್ 3ರಂದು ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಯ ಬೋಖುಮ್‌ನಿಂದ ‘ವೆಸ್ಟ್‌ಡಾಯ್ಚೆ ಆಲ್ಗೆಮೈನೆ ತ್ಸೈಟುಂಗ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಅಲ್ಲಿನ ಜನ ಅದನ್ನು ಚಿಕ್ಕದಾಗಿ ‘ವತ್ಸ್’ ಅನ್ನುತ್ತಾರೆ. ಹಳೆಯ ನೋಟಿಗೆ ಬೆಲೆಯೇ ಇಲ್ಲದ ಕಾಲ ಅದು. ಹೊಸ ಡಾಯ್ಚ್ ಮಾರ್ಕ್ ಬರಲು ಇನ್ನೂ ಹನ್ನೊಂದು ವಾರ ಬಾಕಿಯಿತ್ತು, ಮುದ್ರಣ ಕಾಗದ ರೇಷನ್ ಲೆಕ್ಕದಲ್ಲಿ ಸಿಗುತ್ತಿತ್ತು. ಅಂಥ ಹೊತ್ತಲ್ಲಿ ಶುರುವಾದದ್ದು ಮುಂದೆ ಜರ್ಮನಿಯ ಅತಿ ದೊಡ್ಡ ಪ್ರಾದೇಶಿಕ ಪತ್ರಿಕೆಗಳಲ್ಲಿ ಒಂದಾಯಿತು. ಅದನ್ನು ಕಟ್ಟಿದ ಎರಿಕ್ ಬ್ರೋಸ್ಟ್ ಅವರ ವೃತ್ತಿಜೀವನವನ್ನು ಪತ್ರಿಕೆ ನಡೆಸುವವರು, ಅದರಲ್ಲೂ ಜಿಲ್ಲಾ ಪತ್ರಿಕೆ ನಡೆಸುವವರು, ಲೆಕ್ಕದ ಪುಸ್ತಕ ನೋಡಿದ ಹಾಗೆ ಸಾಲುಸಾಲಾಗಿ ನೋಡಬೇಕು.

ಬ್ರೋಸ್ಟ್ ಹುಟ್ಟಿದ್ದು 1903ರಲ್ಲಿ, ಇವತ್ತು ಪೋಲೆಂಡಿಗೆ ಸೇರಿರುವ ಎಲ್ಬಿಂಗ್‌ನಲ್ಲಿ. ಡಾನ್‌ಟ್ಸಿಗ್‌ನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪತ್ರಿಕೆಯಲ್ಲಿ ಕೆಲಸ ಮಾಡಿದರು, ಅಲ್ಲಿನ ಶಾಸನಸಭೆಗೂ ಆರಿಸಿ ಬಂದರು. ನಾಜಿಗಳ ಹಿಡಿತ ಬಿಗಿಯಾದಾಗ 1936ರಲ್ಲಿ ಊರು ಬಿಟ್ಟು ಪೋಲೆಂಡ್, ಸ್ವೀಡನ್, ಫಿನ್‌ಲೆಂಡ್ ದಾಟಿ ಕೊನೆಗೆ ಲಂಡನ್ ಸೇರಿದರು. ಯುದ್ಧ ಮುಗಿದ ಮೇಲೆ ರೂರ್‌ಗೆ ಬಂದು ‘ನೋಯ್ ರೂರ್ ತ್ಸೈಟುಂಗ್’ ಪತ್ರಿಕೆಯ ಪ್ರಧಾನ ಸಂಪಾದಕರಾದರು. ಆಮೇಲೆ ಬರ್ಲಿನ್‌ನಲ್ಲಿ ಪಕ್ಷದ ಪ್ರತಿನಿಧಿಯಾದರು. 1948ರ ಆರಂಭದಲ್ಲಿ ಆ ಕುರ್ಚಿಗೆ ಬಂದವರು ಮುಂದೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದ ವಿಲ್ಲಿ ಬ್ರಾಂಟ್.

ಯುದ್ಧ ಗೆದ್ದ ದೇಶಗಳು ಆಗ ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡು ಆಳುತ್ತಿದ್ದವು. ಅವರ ಲೈಸೆನ್ಸ್ ಇಲ್ಲದೆ ಯಾರೂ ಪತ್ರಿಕೆ ತರುವಂತಿರಲಿಲ್ಲ. ಅಮೆರಿಕನ್ನರು ತಮ್ಮ ವಲಯದಲ್ಲಿ ಬೇರೆ ಬೇರೆ ಪಕ್ಷದವರನ್ನು ಸೇರಿಸಿ ಒಂದೇ ಪತ್ರಿಕೆಗೆ ಲೈಸೆನ್ಸ್ ಕೊಡುತ್ತಿದ್ದರು. ಬ್ರಿಟಿಷರ ದಾರಿ ಬೇರೆ: ಪ್ರತಿ ಪಕ್ಷದ ಒಲವಿಗೂ ಒಂದೊಂದು ಪತ್ರಿಕೆ. ರೂರ್ ಇದ್ದದ್ದು ಬ್ರಿಟಿಷ್ ವಲಯದಲ್ಲಿ. ಅಲ್ಲಿ ಬ್ರೋಸ್ಟ್ ಪಡೆದದ್ದು ಯಾವ ಪಕ್ಷಕ್ಕೂ ಸೇರದ ಪತ್ರಿಕೆಯ ಲೈಸೆನ್ಸ್. ಸ್ವತಃ ಪಕ್ಷದ ಮನುಷ್ಯನಾಗಿದ್ದವರು ಪಕ್ಷದ ಪತ್ರಿಕೆ ಬೇಡವೆಂದು ಹೊರಟದ್ದೇ ಅವರ ಮೊದಲ ದೊಡ್ಡ ನಿರ್ಧಾರ. ಗಣಿ ಕಾರ್ಮಿಕ, ಅಂಗಡಿಯವ, ಕ್ಯಾಥೊಲಿಕ್ ಶಿಕ್ಷಕ, ಎಲ್ಲರ ಮನೆಗೂ ಹೋಗಬಲ್ಲ ಪತ್ರಿಕೆ ಅವರಿಗೆ ಬೇಕಿತ್ತು.

ಪಾಲುದಾರರಾಗಿ ಯಾಕೋಬ್ ಫುಂಕೆ ಎಂಬ ಸ್ಥಳೀಯ ಪತ್ರಕರ್ತರನ್ನು ಸೇರಿಸಿಕೊಂಡರು. ಪಾಲು ಸರಿಸಮ, ಅರ್ಧಕ್ಕೆ ಅರ್ಧ. ಇಬ್ಬರೂ ಒಪ್ಪದೆ ಯಾವ ದೊಡ್ಡ ನಿರ್ಧಾರವೂ ಇಲ್ಲ. ಸ್ಥಾಪಕರಿಬ್ಬರೂ ಇದ್ದಷ್ಟು ದಿನ ಇದು ಚೆನ್ನಾಗಿ ನಡೆಯಿತು. ಇಬ್ಬರೇ ಕೂತು ಮಾತಾಡಿದರೆ ಸಾಕಿತ್ತು.

1953ರಲ್ಲಿ ಪತ್ರಿಕೆಯ ಕೇಂದ್ರ ಎಸ್ಸೆನ್‌ಗೆ ಬಂತು. ರೂರ್‌ನ ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಟ್ರಾಮ್ ಹತ್ತಿದರೆ ಎಸ್ಸೆನ್ ಎಲ್ಲಿ ಮುಗಿಯಿತು, ಗೆಲ್ಸೆನ್‌ಕಿರ್ಖೆನ್ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಆದರೆ ಓದುಗರಿಗೆ ಬೇಕಾದದ್ದು ತಮ್ಮ ಊರಿನ ಸುದ್ದಿ. ಹಾಗಾಗಿ ದೇಶ-ವಿದೇಶದ ಮುಖ್ಯ ಪುಟಗಳು ಎಲ್ಲರಿಗೂ ಒಂದೇ, ಊರಿನ ಪುಟಗಳು ಮಾತ್ರ ಬೇರೆ ಬೇರೆ.

ಆವೃತ್ತಿ ಹೆಚ್ಚಿಸುವುದು ಪುಕ್ಕಟೆ ಅಲ್ಲ. ಇವತ್ತಿನ ಆಫ್‌ಸೆಟ್ ಲೆಕ್ಕದಲ್ಲಿ ನೋಡಿ: ಒಂದು ಬಣ್ಣದ ಪುಟಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟ್ ಬೇಕು. ನಾಲ್ಕು ಸ್ಥಳೀಯ ಪುಟ ಬದಲಿಸಬೇಕಾದರೆ ಹದಿನಾರು ಪ್ಲೇಟ್. ಮಷಿನ್ ನಿಲ್ಲಿಸಬೇಕು, ಪ್ಲೇಟ್ ಕಟ್ಟಬೇಕು, ಮತ್ತೆ ಓಡಿಸಬೇಕು. ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತು ಇಂಕು ಹದಕ್ಕೆ ಬರುವಷ್ಟರಲ್ಲಿ ನೂರಾರು ಪ್ರತಿ ರದ್ದಿಗೆ ಹೋಗುತ್ತವೆ. ಒಂದು ಆವೃತ್ತಿ ತಡವಾದರೆ ಅದರ ಹಿಂದಿರುವ ಎಲ್ಲ ಆವೃತ್ತಿಗಳೂ ತಡ, ಲಾರಿಗಳೂ ತಡ. ಪ್ರತಿ ಊರಿನಲ್ಲೂ ದಟ್ಟವಾದ ಚಂದಾದಾರರಿದ್ದರೆ ಮಾತ್ರ ಈ ಖರ್ಚು ಗಿಟ್ಟುತ್ತದೆ.

ಬ್ರೋಸ್ಟ್ ಸಂಸ್ಥೆಯ ನಿಜವಾದ ಕಸುಬುಗಾರಿಕೆ ಕಂಡದ್ದು 1970ರ ದಶಕದ ಮಧ್ಯದಲ್ಲಿ. ಡಾರ್ಟ್‌ಮುಂಡ್‌ನ ‘ವೆಸ್ಟ್‌ಫೇಲಿಶೆ ರುಂಡ್‌ಶೌ’, ಹಾಗೆನ್‌ನ ‘ವೆಸ್ಟ್‌ಫಾಲೆನ್‌ಪೋಸ್ಟ್’, ಬ್ರೋಸ್ಟ್ ತಾವೇ ಹಿಂದೆ ಸಂಪಾದಕರಾಗಿದ್ದ ‘ನೋಯ್ ರೂರ್ ತ್ಸೈಟುಂಗ್’, ಮೂರೂ ಒಂದಾದ ಮೇಲೊಂದು ಅದೇ ಗುಂಪಿಗೆ ಬಂದವು. ರುಂಡ್‌ಶೌ ಸೋಷಿಯಲ್ ಡೆಮಾಕ್ರಟ್ ಒಲವಿನದು, ವೆಸ್ಟ್‌ಫಾಲೆನ್‌ಪೋಸ್ಟ್ ಕ್ರಿಶ್ಚಿಯನ್ ಡೆಮಾಕ್ರಟ್ ಒಲವಿನದು. ಕೊಂಡವರು ಯಾವುದನ್ನೂ ಮುಚ್ಚಲಿಲ್ಲ, ಸಂಪಾದಕೀಯ ವಿಭಾಗಗಳನ್ನು ಬೆರೆಸಲೂ ಇಲ್ಲ. ನಾಲ್ಕು ಪತ್ರಿಕೆ, ನಾಲ್ಕು ಸುದ್ದಿಮನೆ. ಮುದ್ರಣ, ಜಾಹೀರಾತು, ವಿತರಣೆ ಮಾತ್ರ ಒಂದೇ ಕೈಯಲ್ಲಿ.

ಹಣ ಉಳಿಯುವುದು ಇಲ್ಲಿ. ಪೇಪರ್ ಹಾಕುವವರ ಖರ್ಚು ನಡೆಯುವ ದೂರದ ಮೇಲೆ ನಿಂತಿರುತ್ತದೆ, ಹಾಕುವ ಪ್ರತಿಗಳ ಮೇಲೆ ಅಷ್ಟಾಗಿ ಅಲ್ಲ. ಒಂದು ಬೀದಿಯಲ್ಲಿ ಹತ್ತು ಮನೆಗೆ ಹಾಕುತ್ತಿದ್ದವರು ಅದೇ ಸುತ್ತಿನಲ್ಲಿ ಮೂವತ್ತು ಮನೆಗೆ ಹಾಕಿದರೆ ಮನೆಯೊಂದಕ್ಕೆ ಬೀಳುವ ಖರ್ಚು ಮೂರನೇ ಒಂದಕ್ಕೆ ಹತ್ತಿರ ಇಳಿಯುತ್ತದೆ. ಜಾಹೀರಾತಿನಲ್ಲೂ ಹಾಗೆಯೇ. ಪೀಠೋಪಕರಣ ಅಂಗಡಿಯವರು ಒಂದೇ ದರದಲ್ಲಿ ಊರಿನ ಎರಡು ಪತ್ರಿಕೆಗಳಲ್ಲಿ ಜಾಗ ಪಡೆಯಬಹುದು. ಒಂದೇ ಪತ್ರಿಕೆ ಇರುವ ಎದುರಾಳಿಗೆ ಆ ದರ ಕೊಡಲು ಸಾಧ್ಯವೇ ಇಲ್ಲ. ಓದುಗರಿಗೆ ಎರಡು ದನಿ ಉಳಿಯಿತು ಎನ್ನುವುದು ನಿಜ. ಮಾರುಕಟ್ಟೆಯಲ್ಲಿ ಮೂರನೆಯವರಿಗೆ ಉಸಿರಾಡಲು ಜಾಗ ಕಮ್ಮಿಯಾಯಿತು ಎನ್ನುವುದೂ ಅಷ್ಟೇ ನಿಜ.

1976ರಲ್ಲಿ ಕಾನೂನು ಬಂತು. ಪತ್ರಿಕೆಗಳ ವಿಲೀನಕ್ಕೆ ಸರ್ಕಾರದ ಪರಿಶೀಲನೆಯ ಮಿತಿಯನ್ನು 50 ಕೋಟಿ ಮಾರ್ಕ್ ವಹಿವಾಟಿನಿಂದ ಎರಡೂವರೆ ಕೋಟಿಗೆ ಇಳಿಸಲಾಯಿತು. ಊರಿನಲ್ಲೇ ಇನ್ನಷ್ಟು ಕೊಳ್ಳುವ ದಾರಿ ಇಕ್ಕಟ್ಟಾಯಿತು. ಗುಂಪು 1987ರಲ್ಲಿ ಆಸ್ಟ್ರಿಯಾದ ‘ಕ್ರೋನೆನ್ ತ್ಸೈಟುಂಗ್’, ಮರುವರ್ಷ ‘ಕುರಿಯರ್’ ಪತ್ರಿಕೆಗಳಲ್ಲಿ ಪಾಲು ಹಿಡಿಯಿತು. ಎರಡಕ್ಕೂ ಸೇರಿ ಹುಟ್ಟಿದ ‘ಮೀಡಿಯಾಪ್ರಿಂಟ್’ ರೂರ್‌ನ ಅದೇ ಸೂತ್ರ. ಬರ್ಲಿನ್ ಗೋಡೆ ಬಿದ್ದ ಮೇಲೆ ಹಿಂದಿನ ಪೂರ್ವ ಜರ್ಮನಿಯ ತುರಿಂಗಿಯಾದ ಮೂರು ಪತ್ರಿಕೆಗಳಲ್ಲೂ ಅದೇ ನಡೆಯಿತು.

ಫುಂಕೆ 1975ರಲ್ಲಿ, ಬ್ರೋಸ್ಟ್ 1995ರಲ್ಲಿ ತೀರಿಕೊಂಡರು. ಅರ್ಧಕ್ಕೆ ಅರ್ಧದ ಕರಾರು ಮಾತ್ರ ಉಳಿಯಿತು. ಎರಡು ಕುಟುಂಬ, ಎರಡೂ ಕಡೆಯಿಂದ ಒಬ್ಬೊಬ್ಬ ವ್ಯವಸ್ಥಾಪಕ, ಒಬ್ಬರು ಬೇಡವೆಂದರೆ ಕೆಲಸ ನಿಂತಿತು. ಸ್ಥಾಪಕರ ಪರಸ್ಪರ ನಂಬಿಕೆಯನ್ನು ಕರಾರಿನಲ್ಲಿ ಬರೆದಿಡಲಾಗದು. ಪಾಲುದಾರಿಕೆ ಪತ್ರದಲ್ಲಿ ಗಂಟು ಬಿಡಿಸುವ ದಾರಿಯನ್ನು ಮೊದಲೇ ಬರೆದಿಡಬೇಕು. ಇಲ್ಲಿ ಗಂಟು ಬಿಚ್ಚಿದ್ದು 2012ರಲ್ಲಿ, ಫುಂಕೆಯ ಮಗಳು ಪೆಟ್ರಾ ಗ್ರೋಟ್‌ಕಾಂಪ್ ಬ್ರೋಸ್ಟ್ ಕಡೆಯ ಅರ್ಧ ಪಾಲನ್ನು ಸುಮಾರು 50 ಕೋಟಿ ಯೂರೋಗೆ ಕೊಂಡಾಗ. ಸಂಸ್ಥೆಗೆ ಈಗ ಫುಂಕೆ ಹೆಸರೇ ಇದೆ.

ಅಷ್ಟರಲ್ಲಿ ಜಾಹೀರಾತು ಇಂಟರ್‌ನೆಟ್‌ಗೆ ಹೋಗಿತ್ತು. ಬ್ರೋಸ್ಟ್ ಸೂತ್ರದ ಒಳಗಿದ್ದ ದೋಷ ಆಗ ಎದ್ದು ಕಂಡಿತು. ಮುದ್ರಣ, ವಿತರಣೆ, ಜಾಹೀರಾತು ಮೂವತ್ತು ವರ್ಷಗಳ ಹಿಂದೆಯೇ ಒಂದಾಗಿದ್ದವು, ಅಲ್ಲಿ ಸಿಗಬೇಕಾದ ಉಳಿತಾಯವೆಲ್ಲ ಸಿಕ್ಕಿಯಾಗಿತ್ತು. ಕಡಿಯಲು ಉಳಿದದ್ದು ಸುದ್ದಿಮನೆ ಮಾತ್ರ. 2008ರ ಕೊನೆಯಲ್ಲಿ ನಾಲ್ಕು ಪತ್ರಿಕೆಗಳ ಸುಮಾರು 900 ಸಂಪಾದಕೀಯ ಹುದ್ದೆಗಳಲ್ಲಿ 300ರಷ್ಟನ್ನು ತೆಗೆಯುವ ನಿರ್ಧಾರವಾಯಿತು. 2013ರ ಆರಂಭದಲ್ಲಿ ರುಂಡ್‌ಶೌ ಪತ್ರಿಕೆಯ ಸುದ್ದಿಮನೆಯನ್ನೇ ಮುಚ್ಚಲಾಯಿತು, ಸುಮಾರು 120 ಮಂದಿ ಕೆಲಸ ಕಳೆದುಕೊಂಡರು. ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಡಾರ್ಟ್‌ಮುಂಡ್‌ನ ಊರ ಸುದ್ದಿಯನ್ನು ಎದುರಾಳಿ ‘ರೂರ್ ನಾಖ್‌ರಿಖ್ಟನ್’ ಕಡೆಯಿಂದ ತರಿಸಿ ಹಳೆಯ ಹೆಸರಿನಡಿ ಅಚ್ಚು ಹಾಕಿದರು. ಇದು ನನ್ನ ಮಟ್ಟಿಗೆ ಓದುಗರಿಗೆ ಮಾಡಿದ ಅನ್ಯಾಯ. ಬ್ರೋಸ್ಟ್ ಸೂತ್ರದಲ್ಲಿ ಮುಟ್ಟಬಾರದೆಂದು ಇಟ್ಟದ್ದು ಸುದ್ದಿಮನೆಯೊಂದನ್ನೇ. ಅದನ್ನೇ ತೆಗೆದ ಮೇಲೆ ಉಳಿಯುವುದು ಹೆಸರಿನ ಫಲಕ. ಅದೇ ವರ್ಷ ಸಂಸ್ಥೆ ಜರ್ಮನಿಯ ಇನ್ನೊಂದು ದೊಡ್ಡ ಪತ್ರಿಕಾ ಸಂಸ್ಥೆಯಾದ ಆಕ್ಸೆಲ್ ಸ್ಪ್ರಿಂಗರ್‌ನಿಂದ ಎರಡು ನಗರ ಪತ್ರಿಕೆ ಮತ್ತು ಹಲವು ನಿಯತಕಾಲಿಕಗಳನ್ನು 92 ಕೋಟಿ ಯೂರೋಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಬೀದಿ ಲೆಕ್ಕ ಈಗ ತಿರುಗಿಬಿದ್ದಿದೆ. ಮೂವತ್ತು ಮನೆ ಮತ್ತೆ ಹತ್ತಾದರೆ, ಹತ್ತು ಮೂರಾದರೆ, ನಡೆಯುವ ದೂರ ಮಾತ್ರ ಅಷ್ಟೇ ಇರುತ್ತದೆ. ತುರಿಂಗಿಯಾದ ಗ್ರೈಟ್ಸ್ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ 2023ರ ಮೇ ತಿಂಗಳಿಂದ ಸುಮಾರು 300 ಚಂದಾದಾರರಿಗೆ ಕಾಗದದ ಪತ್ರಿಕೆ ಹಾಕುವುದನ್ನು ಸಂಸ್ಥೆ ನಿಲ್ಲಿಸಿತು, ಡಿಜಿಟಲ್ ಆವೃತ್ತಿಗೆ ಬನ್ನಿ ಎಂದು ಅವರನ್ನು ಕೇಳಿತು.