ಇವತ್ತು ಅವಳು ಭಾರ ಇದ್ದಳು

ಮಂಗಳವಾರ ರಾತ್ರಿ ಎಂಟೂವರೆಗೆ ಜಿಮ್ಮಿನಿಂದ ಹೊರಬಂದ ಮಗಳು ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು, ಮುಂದೆ ಕೂತು, ಶೂ ಬಿಚ್ಚುತ್ತಾ ಹೇಳಿದಳು: "ಇವತ್ತು ಅವಳು ತುಂಬ ಭಾರ ಇದ್ದಳಮ್ಮ."

ನಾನು ಕಾರು ಸ್ಟಾರ್ಟ್ ಮಾಡಲಿಲ್ಲ. ಬೈದೆ. ಒಬ್ಬಳು ಹದಿಮೂರು ವರ್ಷದ ಹುಡುಗಿ ಇನ್ನೊಬ್ಬಳು ಹದಿಮೂರು ವರ್ಷದವಳ ಮೈತೂಕದ ಬಗ್ಗೆ ಮಾತಾಡುವುದೆಂದರೆ ಎಂತ? ಅದೂ ಈ ಚಿಯರ್‌ಲೀಡಿಂಗ್ ಆಟದಲ್ಲಿ, ಬೇರೆಯವರ ಕೈ ಮೇಲೆ ಏರುವ ಹುಡುಗಿಯರು ಇನ್ನೊಂದು ತುಂಡು ಪಿಜ್ಜಾಕ್ಕೆ ಕೈ ಚಾಚಲೂ ಹಿಂದೆಮುಂದೆ ನೋಡುವಲ್ಲಿ. ಪಾರ್ಕಿಂಗ್ ಜಾಗದಲ್ಲೇ ಮೂರ್ನಾಲ್ಕು ನಿಮಿಷದ ಭಾಷಣ ಆಯಿತು. ಮಗಳು ಪೂರ್ತಿ ಕೇಳಿಸಿಕೊಂಡು, ಎರಡನೇ ಶೂವನ್ನೂ ಬಿಚ್ಚಿ, "ಅಯ್ಯೋ, ತೂಕ ಅಲ್ಲಮ್ಮ. ಭಾರ. ಹೆದರಿದ್ರೆ ಭಾರ ಆಗ್ತದೆ" ಎಂದಳು.

ಈ ಒಂದು ಮಾತು ವಾರವಿಡೀ ನನ್ನ ತಲೆಯಲ್ಲಿ ಕೂತಿದೆ. ಪಾತ್ರೆ ತೊಳೆಯುವಾಗ, ಆಫೀಸಿನ ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡಿರುವಾಗ, ಎಲ್ಲ.

ನಾವಿರುವುದು ಡಾಲಸ್‌ನ ಉತ್ತರಕ್ಕೆ, ಪ್ಲೇನೋದಲ್ಲಿ. ಮಗಳು ಸ್ಪರ್ಧೆಯ ಚಿಯರ್‌ಲೀಡಿಂಗ್ ತಂಡವೊಂದರಲ್ಲಿ ಎರಡು ವರ್ಷದಿಂದ ಇದ್ದಾಳೆ. ಮಂಗಳೂರಿನ ನೆಂಟರಿಗೆ ಇದನ್ನು ಅರ್ಥ ಮಾಡಿಸುವುದು ನನ್ನಿಂದ ಇವತ್ತಿಗೂ ಆಗಿಲ್ಲ. ಅವರ ಕಣ್ಣಿಗೆ ಬರುವುದು ಐಪಿಎಲ್. 2008ರಲ್ಲಿ ಬೆಂಗಳೂರಿನ ತಂಡಕ್ಕಾಗಿ ವಾಷಿಂಗ್ಟನ್ನಿನ ಫುಟ್ಬಾಲ್ ತಂಡದ ಚಿಯರ್‌ಲೀಡರ್‌ಗಳು ಬಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಣಿದರಲ್ಲ, ಆಗ ಟಿವಿ ಮುಂದೆ ಕೂತು ಮುಖ ತಿರುಗಿಸಿದ್ದ ನನ್ನ ದೊಡ್ಡಮ್ಮ "ನಿನ್ನ ಮಗಳೂ ಅದೇ ಮಾಡುದಾ?" ಎಂದು ಕೇಳಿದ್ದರು. ಅಲ್ಲ ದೊಡ್ಡಮ್ಮ. ಇಲ್ಲಿ ಪಕ್ಕದಲ್ಲಿ ಬೇರೆ ಪಂದ್ಯ ಇಲ್ಲ. ಇವರೇ ಪಂದ್ಯ. ಎರಡೂವರೆ ನಿಮಿಷ, ಸ್ಪ್ರಿಂಗ್ ಹಾಕಿದ ನೆಲ, ಲಾಗ, ಜಿಗಿತ, ಒಬ್ಬರ ಕೈ ಮೇಲೆ ಇನ್ನೊಬ್ಬರು. ಎದುರಿಗೆ ಅಂಕ ಕೊಡುವವರು, ಅಂಕ ಕೀಳುವವರು.

ಶುರುವಾದದ್ದು ಬೇರೆಯವರಿಗಾಗಿಯೇ. 1898ರ ನವೆಂಬರ್ 2ರಂದು ಮಿನೆಸೋಟ ವಿಶ್ವವಿದ್ಯಾಲಯದ ಫುಟ್ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರೆದುರು ನಿಂತು ಒಟ್ಟಾಗಿ ಕೂಗಿಸಿದ. ಆಗಿನ್ನೂ ಅದು ಗಂಡಸರ ಕೆಲಸ. ಮೈದಾನದಲ್ಲಿ ಸೊರಗಿದವರಿಗೆ ಹೊರಗಿನಿಂದ ಹುಮ್ಮಸ್ಸು ತುಂಬುವುದು. ಹಾಗೆ ಹುಟ್ಟಿದ್ದು ಈಗ ಅದೇ ಒಂದು ಸ್ಪರ್ಧೆಯಾಗಿ, 2021ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಪಡೆದ ಮೇಲೆ, ಹುಮ್ಮಸ್ಸು ತುಂಬುವವರಿಗೇ ಅದು ಕಡಿಮೆ ಬಿದ್ದರೆ ಯಾರು ಬಂದು ಕೂಗಬೇಕು?

ನಮ್ಮ ಜಿಮ್ಮಿನಲ್ಲಿ ಕೂಗಲು ಅಪ್ಪ ಅಮ್ಮಂದಿರಿದ್ದೇವೆ. ಗಾಜಿನ ಗೋಡೆಯ ಹಿಂದೆ ಬೆಂಚುಗಳ ಮೇಲೆ. ಮೇಲೆ ಏರುವ ಆ ಹುಡುಗಿಯ, ಅಂದರೆ ಫ್ಲೈಯರ್‌ನ, ಅಮ್ಮ ನನ್ನ ಪಕ್ಕದಲ್ಲೇ ಕೂರುತ್ತಾರೆ. ಒಳ್ಳೆಯ ಹೆಂಗಸು, ನನಗೆ ತಡವಾದಾಗ ಎಷ್ಟೋ ಸಲ ಮಗಳನ್ನು ಮನೆಗೆ ಬಿಟ್ಟಿದ್ದಾರೆ. ಆದರೆ ಗಾಜಿನ ಹಿಂದೆ ಕೂತರೆ ಅವರು ಬೇರೆಯೇ. ಗಾಜು ತಟ್ಟುತ್ತಾರೆ. ಎರಡು ಬೆರಳಿನಿಂದ ತಮ್ಮ ತುಟಿಯ ಅಂಚುಗಳನ್ನು ಮೇಲೆತ್ತಿ ತೋರಿಸುತ್ತಾರೆ: ನಗು! ಮಂಗಳವಾರ ಅವರ ಮಗಳು ಭುಜದೆತ್ತರದಿಂದ ಮೇಲಕ್ಕೆ ಹೋಗಲಾರದೆ ಮೂರು ಸಲ ಇಳಿದಾಗ, ನನ್ನತ್ತ ತಿರುಗಿ "ಎಲ್ಲ ಬರುತ್ತದೆ ಅವಳಿಗೆ, ಕಾನ್ಫಿಡೆನ್ಸ್ ಒಂದೇ ಇಲ್ಲ" ಎಂದರು. ಅಂಗಡಿಗೆ ಹೋದಾಗ ಉಪ್ಪು ತರಲು ಮರೆತವರ ಹಾಗೆ.

ನಾನೂ ತಲೆಯಾಡಿಸಿದೆ. ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ಒಂದು ಕಾಲದಲ್ಲಿ ಟೀಚರು ಬರೆದದ್ದೂ ಅದನ್ನೇ: ಆತ್ಮವಿಶ್ವಾಸ ಸಾಲದು. ಅದನ್ನು ಎಲ್ಲಿಂದ ತರುವುದು ಅಂತ ಅವರು ಬರೆದಿರಲಿಲ್ಲ. ಅದು ತೀರಾ ಹೆಚ್ಚಿದ್ದ ಹುಡುಗಿಯರಿಗೆ ಊರಲ್ಲಿ ಬೇರೆ ಹೆಸರಿತ್ತು, ಅಹಂಕಾರ ಅಂತ.

ಕಾರಿನಲ್ಲಿ ಮಗಳು ವಿವರಿಸಿದ್ದು ಹೀಗೆ. ಒಂದು ಸ್ಟಂಟಿಗೆ ನಾಲ್ಕು ಜನ. ಕೆಳಗೆ ಇಬ್ಬರು ಬೇಸ್, ಹಿಂದೆ ಬ್ಯಾಕ್ ಸ್ಪಾಟ್, ಮೇಲೆ ಫ್ಲೈಯರ್. ನನ್ನ ಮಗಳು ಬೇಸ್. ಫ್ಲೈಯರ್ ಒಂಟಿಕಾಲಲ್ಲಿ ನಿಂತಾಗ ಅವಳ ಪಾದದ ಹಿಮ್ಮಡಿ ಮತ್ತು ಮುಂಭಾಗ ಇವಳ ಎರಡು ಕೈಯಲ್ಲಿರುತ್ತದೆ, ಇನ್ನೊಬ್ಬಳು ಬೇಸ್‌ನ ಕೈ ಪಾದದ ನಡುವಿಗೆ, ಬ್ಯಾಕ್ ಸ್ಪಾಟ್‌ನ ಕೈ ಕಣಕಾಲಿಗೆ. ಮೇಲಿನವಳು ತೂಗಾಡಿ ತಾನೇ ಸಮತೋಲನ ಮಾಡಲು ಹೋಗಬಾರದು, ಅದು ಕೆಳಗಿನವರ ಕೆಲಸ. ಅವಳು ಮಾಡಬೇಕಾದ್ದು ಮೊಣಕಾಲು ಬಿಗಿದು, ಸೊಂಟ ಬಿಗಿದು, ಕಂಬದ ಹಾಗೆ ನಿಲ್ಲುವುದು. ಹಾಗೆ ಬಿಗಿದು ನಿಂತವಳು ಹಗುರ. ಹೆದರಿದವಳು ಕೆಳಗೆ ನೋಡುತ್ತಾಳೆ, ಕೆಳಗೆ ನೋಡಿದರೆ ಎದೆ ಬಾಗುತ್ತದೆ, ಸೊಂಟ ಸಡಿಲವಾಗುತ್ತದೆ, ಆಮೇಲೆ ಅದೇ ಹುಡುಗಿ ಅಕ್ಕಿಮೂಟೆ. ಎತ್ತಿದವರಿಗೆ ಗೊತ್ತು, ಎಚ್ಚರವಿರುವ ಮಗುವಿಗೂ ನಿದ್ದೆ ಹೋದ ಮಗುವಿಗೂ ಇರುವ ವ್ಯತ್ಯಾಸ.

"ಅವಳ ಮುಖ ನನಗೆ ಕಾಣುದೇ ಇಲ್ಲ" ಎಂದಳು ಮಗಳು. "ಆದ್ರೆ ಶೂ ಒಳಗೆ ಬೆರಳು ಮಡಚ್ತಾಳೆ, ನನ್ನ ಕೈಗೆ ಗೊತ್ತಾಗ್ತದೆ."

ಗಾಜಿನಾಚೆ ಅವರಮ್ಮ ನಗು ನಗು ಎಂದು ಸನ್ನೆ ಮಾಡುತ್ತಿದ್ದರೆ, ನಿಜ ಸಮಾಚಾರ ಶೂವಿನ ತಳದ ಮೂಲಕ ನನ್ನ ಮಗಳ ಅಂಗೈಗೆ ಬರುತ್ತಿತ್ತು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮಗಳು ಬೇಸ್ ಆದದ್ದು ನನಗೆ ಒಳಗೊಳಗೇ ಬೇಸರವಿತ್ತು. ಇಷ್ಟು ಫೀಸು ಕಟ್ಟಿ, ಇಷ್ಟು ದೂರ ಓಡಾಡಿ, ಫೋಟೋದಲ್ಲಿ ಕಾಣುವುದು ಇನ್ನೊಬ್ಬರ ಮಗಳು. ನನ್ನ ಅಮ್ಮ ವಾಟ್ಸಾಪಿನಲ್ಲಿ ವಿಡಿಯೊ ನೋಡಿ "ನಮ್ಮದು ಎಂತಕ್ಕೆ ಯಾವಾಗಲೂ ಅಡಿಯಲ್ಲಿ?" ಎಂದಾಗ ನಾನು ಮಗಳ ಪರ ಮಾತಾಡಬೇಕಿತ್ತು. ಮಾತಾಡಲಿಲ್ಲ. ಮೊಸರುಕುಡಿಕೆಗೆ ಪ್ರತಿ ವರ್ಷ ಹೋಗಿ, ಮಡಕೆ ಒಡೆದವನನ್ನು ಮಾತ್ರ ನೋಡಿ, ಅವನ ಕಾಲಡಿಯ ಭುಜಗಳನ್ನು ಒಮ್ಮೆಯೂ ನೋಡದೆ ಮನೆಗೆ ಬಂದವಳೇ ನಾನೂ.

ಕಾರು ಹೈವೇ ಹತ್ತುವಾಗ ಮಗಳು ಇನ್ನೊಂದು ಹೇಳಿದಳು. ಎರಡು ವಾರದ ಹಿಂದೆ ತುಟಿ ಊದಿಸಿಕೊಂಡು ಬಂದಿದ್ದಳು. ಮೊಣಕೈ ತಾಗಿತು ಅಂತಷ್ಟೇ ನನಗೆ ಗೊತ್ತಿತ್ತು.

"ಅವತ್ತು ನಾನೇ ಬಿಟ್ಟದ್ದು. ಕೈ ಜಾರಿತು. ಅವಳನ್ನು ನೆಲಕ್ಕೆ ಬೀಳ್ಳಿಕ್ಕೆ ಬಿಡ್ಲಿಲ್ಲ, ನಾವು ಹಿಡಿದ್ವಿ. ಆದ್ರೆ ಅವತ್ತಿಂದ ಭಾರ."

ಸ್ವಲ್ಪ ಹೊತ್ತಾದ ಮೇಲೆ, "ನಾನು ಈಗ ಜೋರು ಹಿಡೀತೇನೆ. ಅದು ಅವಳಿಗೆ ಗೊತ್ತಾಗ್ತದೆ."

ಹೆದರಿದ್ದು ಒಬ್ಬಳಲ್ಲ, ಇಬ್ಬರು. ಇವಳ ಕೈ ಹೆದರಿ ಬಿಗಿಯುತ್ತದೆ, ಆ ಬಿಗಿ ಅವಳ ಪಾದಕ್ಕೆ ತಿಳಿಯುತ್ತದೆ, ಅವಳು ಬೆರಳು ಮಡಚುತ್ತಾಳೆ, ಅದು ಮತ್ತೆ ಇವಳ ಕೈಗೆ. ಬಾಯಿಯಲ್ಲಿ ಇಬ್ಬರೂ "ನಾನು ಸರಿ ಇದ್ದೇನೆ" ಎನ್ನುತ್ತಲೇ ಇದ್ದರಂತೆ.

ನನಗೆ ನೆನಪಾದದ್ದು ಇದೇ 75ನೇ ಹೈವೇ. ಹನ್ನೆರಡು ವರ್ಷದ ಹಿಂದೆ ಇಲ್ಲೇ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡ್ರೈವಿಂಗ್ ಕಲಿತೆ. "ಏನೂ ಹೆದರಬೇಡ, ನಿನಗೆ ಬರ್ತದೆ" ಎಂದು ಅವರ ಬಾಯಿ ಹೇಳುತ್ತಿತ್ತು. ಅವರ ಬಲಗಾಲು ಆ ಬದಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಣ್ಣಂಚಿನಲ್ಲಿ ನನಗೆ ಕಾಣುತ್ತಿದ್ದದ್ದು ಆ ಕಾಲು ಮಾತ್ರ. ಕೊನೆಗೆ ನಾನು ಹೈವೇ ಹತ್ತಿದ್ದು ಅವರು ಊರಿಗೆ ಹೋಗಿದ್ದ ವಾರ, ಪಕ್ಕದ ಮನೆಯ ಒಬ್ಬ ಅಜ್ಜಿಯ ಜೊತೆ. ಆಕೆ ದಾರಿಯುದ್ದಕ್ಕೂ ತನ್ನ ಬೆಕ್ಕಿನ ಕತೆ ಹೇಳಿದರು, ರಸ್ತೆ ಕಡೆ ನೋಡಲೇ ಇಲ್ಲ. ಇದನ್ನು ಗಂಡನಿಗೆ ಈವರೆಗೆ ಹೇಳಿಲ್ಲ, ಈಗ ಓದಿದರೆ ಓದಲಿ.

ಆತ್ಮವಿಶ್ವಾಸ ಎನ್ನುವ ಪದದ ಮೊದಲ ಅರ್ಧದ ಮೇಲೆ ಈ ವಾರ ನನಗೆ ಅನುಮಾನ ಬಂದಿದೆ. ಆರೇಳು ಅಡಿ ಮೇಲೆ ಒಂಟಿಕಾಲಲ್ಲಿ ನಿಂತವಳಿಗೆ ಬೇಕಾದ ವಿಶ್ವಾಸದಲ್ಲಿ ಆತ್ಮದ ಪಾಲು ಎಷ್ಟು, ಕೆಳಗಿನ ಆರು ಕೈಗಳ ಪಾಲು ಎಷ್ಟು? ಯಾರನ್ನೂ ನಂಬದೆ ತನ್ನನ್ನೇ ನಂಬಿ ಮೇಲೇರಿದರೆ ಅದಕ್ಕೆ ನಮ್ಮಲ್ಲಿ ಭಂಡಧೈರ್ಯ ಎನ್ನುತ್ತಾರೆ.

ಕೋಚ್ ಬಗ್ಗೆ ನನಗಿದ್ದ ಅಭಿಪ್ರಾಯವೂ ಬದಲಾಗಿದೆ. ಇಪ್ಪತ್ತೆರಡರ ಹುಡುಗಿ, ಮಾತು ಕಮ್ಮಿ, ಅದಕ್ಕೇ ಅಮ್ಮಂದಿರಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಗುರುವಾರ ಅವಳು ನಾಲ್ವರನ್ನೂ ನಿಲ್ಲಿಸಿ ಸೊಂಟದೆತ್ತರದ ಸ್ಟಂಟನ್ನು, ಮೊದಲ ತಿಂಗಳಲ್ಲೇ ಕಲಿತದ್ದನ್ನು, ಇಪ್ಪತ್ತು ಸಲ ಮಾಡಿಸಿದಳು. ಆಮೇಲೆ ಭುಜದೆತ್ತರದ್ದು. ಅಷ್ಟೇ. ಸ್ಪರ್ಧೆಗೆ ಎರಡೇ ದಿನ ಇರುವಾಗ! ಪಕ್ಕದಲ್ಲಿ ಫ್ಲೈಯರ್‌ನ ಅಮ್ಮ ದೊಡ್ಡದಾಗಿ ಉಸಿರು ಬಿಟ್ಟರು. ಕೋಚ್ ಒಮ್ಮೆಯೂ ನಿನ್ನಿಂದ ಆಗುತ್ತದೆ ಎನ್ನಲಿಲ್ಲ. ಹದಿನೈದನೆಯದರ ಹೊತ್ತಿಗೆ ಮಕ್ಕಳಿಗೆ ಬೇಜಾರು ಬಂದು ಕಿಸಕ್ಕನೆ ನಗತೊಡಗಿದರು. ಅವಳು ಕಾಯುತ್ತಿದ್ದದ್ದು ಆ ಬೇಜಾರಿಗೇ ಎಂದು ನನ್ನ ಊಹೆ.

ಈ ಡಾಲಸ್‌ನವನೇ ಒಬ್ಬ ಲಾರೆನ್ಸ್ ಹರ್ಕಿಮರ್ ಇದ್ದ. 1948ರಲ್ಲಿ 52 ಹುಡುಗಿಯರು, ಒಬ್ಬ ಹುಡುಗನನ್ನು ಕೂಡಿಸಿ ಮೊದಲ ಚಿಯರ್ ಶಿಬಿರ ನಡೆಸಿದವನು. ಒಂದು ಕಾಲು ಚಾಚಿ ಇನ್ನೊಂದು ಮಡಚಿ ಹಾರುವ ಜಿಗಿತಕ್ಕೆ ಅವನ ಹೆಸರೇ ಇದೆ, ಹರ್ಕಿ. ಎರಡೂ ಕಾಲು ಚಾಚಿ ಹಾರಲು ಹೋಗಿ ಬಾರದೆ ಆದ ಜಿಗಿತ ಅದು ಎನ್ನುತ್ತಾರೆ. ಈಗ ಮಕ್ಕಳು ಕಷ್ಟಪಟ್ಟು ಆ ತಪ್ಪನ್ನು ಸರಿಯಾಗಿ ಕಲಿಯುತ್ತಾರೆ.

ಶನಿವಾರ ಸ್ಪರ್ಧೆ. ಬೆಳಿಗ್ಗೆ ಐದಕ್ಕೆ ಎದ್ದು ಕೂದಲಿಗೆ ಅರ್ಧ ಡಬ್ಬಿ ಸ್ಪ್ರೇ, ಅದರ ಮೇಲೆ ಅಂಗೈಗಿಂತ ದೊಡ್ಡ ಬೋ. ಫ್ಲೈಯರ್‌ನ ಅಮ್ಮ ನನ್ನ ಕೈ ಹಿಡಿದು, "ನನ್ನ ಕೈ ನಡುಗುತ್ತದೆ, ವಿಡಿಯೊ ನೀನೇ ತೆಗಿ" ಎಂದರು. ಆಯ್ತೆಂದೆ.

ಸಂಗೀತ ಶುರುವಾಯಿತು. ಲಾಗಗಳೆಲ್ಲ ಮುಗಿದು ನಾಲ್ವರೂ ಒಟ್ಟಾದರು. ನಾನು ಎರಡು ವರ್ಷದಲ್ಲಿ ಮೊದಲ ಸಲ ಮೇಲೆ ನೋಡಲಿಲ್ಲ. ಮಗಳ ಮೊಣಕೈ ನೇರವಾದದ್ದು, ಗಲ್ಲ ಮೇಲೆತ್ತಿದ್ದು, ಕುತ್ತಿಗೆಯ ನರ ಉಬ್ಬಿದ್ದು, ಕೈಗಳು ಒಂದು ಅಂಗುಲ ಎಡಕ್ಕೆ ಸರಿದು ಮತ್ತೆ ನಿಂತದ್ದು. ಬೆರಳುಗಳು ಸಡಿಲವಾಗಿದ್ದವು. ಸುತ್ತಲಿನ ಜನ ಒಮ್ಮೆಲೇ ಕೂಗಿದಾಗಲೇ ಮೇಲೆ ಏನೋ ಚೆನ್ನಾಗಿ ಆಗಿದೆ ಎಂದು ನನಗೆ ತಿಳಿದದ್ದು. ಗುಂಪುಗಳೆಲ್ಲ ಸೇರಿ ಕಟ್ಟುವ ಪಿರಮಿಡ್ಡಿನಲ್ಲಿ ನಮ್ಮದೇ ತಂಡದ ಬೇರೆ ಗುಂಪಿನ ಒಬ್ಬಳು ಜಾರಿ ಅಂಕ ಹೋಯಿತು. ಒಂಬತ್ತು ತಂಡಗಳಲ್ಲಿ ನಾಲ್ಕನೆಯವರು.

ಕಾರಿನಲ್ಲಿ ಕೇಳಿದೆ, "ಭಾರ ಇತ್ತಾ?"

"ಎಂತ?" ಎಂದಳು, ಬಾಯಿ ತುಂಬ ಚಿಪ್ಸ್.

ಸಂಜೆ ವಿಡಿಯೊ ಕಳಿಸಿದೆ. ಹತ್ತು ನಿಮಿಷದಲ್ಲಿ ಫ್ಲೈಯರ್‌ನ ಅಮ್ಮನಿಂದ ಮೆಸೇಜು: ಥ್ಯಾಂಕ್ಸ್, ಆದರೆ ಇದರಲ್ಲಿ ನನ್ನ ಮಗಳು ಮೊಣಕಾಲಿನವರೆಗೆ ಮಾತ್ರ ಇದ್ದಾಳಲ್ಲ?